ಮೀನಖಂಡ

ಇದಕ್ಕೆ ಈ ಹೆಸರಿಟ್ಟವರು
ಕಡಲು ಕಂಡವರೇ ಇರಬೇಕು.
ಮೊಣಕಾಲ ಕೆಳಗೆ, ಹಿಂಬದಿಯಲ್ಲಿ,
ಹಗಲೆಲ್ಲ ಸುಮ್ಮನೆ ಮಲಗಿರುವ ಮೀನು.

ಏಳು ತಿಂಗಳು ತುಂಬಿದ ಮೇಲೆ
ಅದಕ್ಕೆ ರಾತ್ರಿಯೇ ಎಚ್ಚರ.
ನಿದ್ದೆಗಣ್ಣಲ್ಲಿ ಮೈ ಮುರಿದು
ಹೆಬ್ಬೆರಳು ಮುಂದಕ್ಕೆ ಚಾಚಿದೆನೋ, ಮುಗಿಯಿತು:
ಗಾಳ ನುಂಗಿದ ಹಾಗೆ ಒಂದೇ ನೆಗೆತ,
ಬಲಗಾಲಲ್ಲಿ ಕಲ್ಲಾಗಿ ನಿಲ್ಲುತ್ತದೆ.
ಆಗ ಬಾಯಿಗೆ ಬರುವುದು ದೇವರ ಹೆಸರಲ್ಲ,
ಪುಂಡಲೀಕನಿಗೆ ಒಂದು ಬೈಗಳು.

ಅವನೆಲ್ಲಿ? ದೇವಗಡದ ದೀಪಕ್ಕೂ ಆಚೆ,
ಬಂಗಡೆಯ ಹಿಂಡಿನ ಬೆನ್ನಿಗೆ.
ಮಳೆಗಾಲಕ್ಕೆ ಬೋಟು ಬಂದಾದಾಗ
ಎರಡು ತಿಂಗಳು ಮನೆಯಲ್ಲೇ ಇದ್ದ.
ಬಲೆ ಹೊಲಿದ, ಇಸ್ಪೀಟು ಆಡಿದ,
ಉಳಿದದ್ದರ ಲೆಕ್ಕ ಈಗ ನನ್ನ ಹೊಟ್ಟೆಯಲ್ಲಿ.
ಫೋನಿಗೆ ಸಿಕ್ಕರೆ ಹೇಳುತ್ತಾನೆ,
"ರಾತ್ರಿಯಿಡೀ ನಿಂತರೆ ನಮಗೂ ಹಿಡೀತದೆ ಮಾರಾಯ್ತಿ."
ಹಿಡೀತದಂತೆ.

ಆಸ್ಪತ್ರೆಯ ಚೀಟಿಯಲ್ಲಿ ಇದು 'ಸೆಳೆತ'.
ನಮ್ಮಲ್ಲಿ ಸೆಳೆತ ಅಂದರೆ
ಗಂಗಾವಳಿ ಕಡಲು ಸೇರುವಲ್ಲಿ
ಈಜು ಬಲ್ಲವರನ್ನೂ ಒಯ್ಯುವಂಥದ್ದು.
ಇರಲಿ. ಆಶಾ ಕಾರ್ಯಕರ್ತೆ ಶರಾವತಿ
ಚೀಟಿ ಓದಿ ಹೇಳಿದಳು: ಬೆರಳು ಚಾಚಬೇಡ,
ನಿನ್ನ ಕಡೆಗೆ ಎಳೆದುಕೋ. ನೀರು ಕುಡಿ.
ಮಾತ್ರೆ ತಪ್ಪಿಸಬೇಡ.
ಒಂದೇ ಕಾಲು ಬಾತು ಕೆಂಪಾದರೆ
ಬೆಳಗಾಗಲಿ ಎಂದು ಕಾಯುತ್ತ ಕೂರಬೇಡ.
ಎಲ್ಲ ಸರಿ ಶರಾವತಿ, ಎಳೆದುಕೊಳ್ಳುವುದು ಹೇಗೆ?
ನನ್ನ ಪಾದ ನಾನು ಕಾಣದೆ ತಿಂಗಳಾಯಿತು.

ಹಾಗಾಗಿ ಗೋಡೆ.
ನೌಕಾನೆಲೆಗೆ ಊರು ಬಿಟ್ಟುಕೊಟ್ಟವರ ಕಾಲನಿ ಇದು,
ಅಮದಳ್ಳಿಯಲ್ಲಿ.
ಬಂದ ದುಡ್ಡು ಸಾಲದೆ
ಎರಡು ಮನೆಗೆ ಒಂದೇ ಗೋಡೆ ಕಟ್ಟಿಕೊಂಡಿದ್ದೇವೆ.
ಕುಂಟುತ್ತ ಹೋಗಿ ಎರಡೂ ಅಂಗೈ ಊರುತ್ತೇನೆ,
ಎಡಗಾಲು ಮುಂದೆ, ಬಲಗಾಲು ಹಿಂದೆ,
ಹಿಮ್ಮಡಿ ತಣ್ಣನೆ ನೆಲಕ್ಕೆ ಕಚ್ಚಿ
ತಳ್ಳುತ್ತೇನೆ,
ಮರಳಲ್ಲಿ ಹೂತ ದೋಣಿಯನ್ನು ನೀರಿಗಿಳಿಸುವ ಹಾಗೆ.
ದೋಣಿ ಅಲುಗುವುದಿಲ್ಲ. ಮೀನು ಅಲುಗುತ್ತದೆ,
ಮೊದಲು ಬಾಲ, ಆಮೇಲೆ ಬೆನ್ನು.
ಒಳಗಿನದು ಒಮ್ಮೆ ಒದೆಯುತ್ತದೆ,
ತಾನೂ ಒಂದು ಕೈ ಹಚ್ಚಿದ ಹಾಗೆ.

ಮೊನ್ನೆ ನಲ್ಲಿಯ ಹತ್ತಿರ ಪಕ್ಕದ ಮನೆಯ ದುರ್ಗಿಬಾಯಿ,
ಎಪ್ಪತ್ತು ದಾಟಿದವಳು,
ನಲವತ್ತು ವರ್ಷ ಮೀನುಬುಟ್ಟಿ ಹೊತ್ತು
ಮನೆಮನೆ ತಿರುಗಿದ ಕಾಲಿನವಳು,
ನನ್ನ ಕೊಡ ತುಂಬುವ ತನಕ ಸುಮ್ಮನಿದ್ದು ಕೇಳಿದಳು:
"ಮೂರರ ರೈಲು ಹೋದ ಮೇಲೆ
ಗೋಡೆ ತಳ್ಳುವವಳು ನೀನೇ ಅಲ್ಲನೇ?"
"ಕೇಳಿಸ್ತದಾ?"
"ಸೀಮಂತದ ಬಳೆ ಗೋಡೆಗೆ ತಾಗ್ತದಲ್ಲ.
ನಾ ಆ ಬದಿಗೆ ತಳ್ತಾ ಇರ್ತೆ.
ನಿಂದು ಹೆತ್ತ ಮೇಲೆ ಬಿಟ್ಟುಹೋಗುವ ಮೀನು.
ನಂದು ಹಳೇದು, ನನ್ನ ಸಂಗಡವೇ ಹೋಗುವಂಥದ್ದು."
ಹೇಳಿ, ನನ್ನ ಕೊಡ ತಾನೇ ಎತ್ತಿ
ಮೆಟ್ಟಿಲ ಮೇಲಿಟ್ಟು ಹೋದಳು.

ನಿನ್ನೆಯೂ ಎದ್ದೆ.
ರೈಲು ಹೋಗಿತ್ತು, ನಾಯಿಗಳು ಬೊಗಳಿ ದಣಿದಿದ್ದವು.
ಬಳೆ ಮೊಣಕೈ ತನಕ ಸರಿಸಿಕೊಂಡು ಅಂಗೈ ಊರಿದೆ.
ಆಮೇಲೆ ಏನನ್ನಿಸಿತೋ, ಕೆಳಗೆ ಬಿಟ್ಟೆ.
ಗಲ್ಲೆಂದಿತು.
ಸುಣ್ಣದ ಆಚೆ ಒಂದು ಕೆಮ್ಮು,
ಬಹಳ ಹತ್ತಿರದಿಂದ, ನನ್ನ ಕೈಯೊಳಗಿಂದಲೇ ಬಂದಂತೆ:
"ಬಿಡ್ತನೇ?"
"ಇನ್ನೂ ಇಲ್ಲ. ನಿಮ್ಮದು?"
"ಅಡ್ಡಿಲ್ಲ. ತಳ್ಳು, ತಳ್ಳು."

ಇಬ್ಬರೂ ತಳ್ಳಿದೆವು.
ಎರಡೂ ಕಡೆಯಿಂದ ಸಮ ಬಿದ್ದದ್ದಕ್ಕೇ ಇರಬೇಕು,
ಗೋಡೆ ನಿಂತಲ್ಲೇ ನಿಂತಿದೆ.

ಚೊಂಬಿನ ನೀರು ಪೂರ್ತಿ ಕುಡಿದು
ಎಡಕ್ಕೆ ಹೊರಳಿ ಮಲಗಿದೆ,
ಬೆರಳುಗಳನ್ನು ನನ್ನ ಕಡೆಗೇ ಮಾಡಿಕೊಂಡು.